ಬೆಂಗಳೂರಿನ ಪಡಖಾನೆಗಳು: ಒಂದು ಚಾರಿತ್ರಿಕ ವಿಚಾರ

ಬೆಂಗಳೂರು ನಗರದ ಕೋಟೆ, ಕೆರೆ, ಗುಡಿ, ಪೇಟೆಗಳ ವಿಷಯವಾಗಿ ವಿದ್ವಾಂಸರು ಬೇಕಾದಷ್ಟು ಬರೆದಿರುತ್ತಾರೆ. ಇದೇ ನಗರದ ಕೂಲಿಕಾರರ ಕೇರಿಗಳಲ್ಲಿಯೂ ಊರಂಚಿನ ತೋಪುಗಳಲ್ಲಿಯೂ ಇದ್ದು, ಹೊತ್ತು ಮುಳುಗಿದೊಡನೆ ಜನರಿಂದ ತುಂಬುತ್ತಿದ್ದ ಹೆಂಡದಂಗಡಿ, ಸಾರಾಯಿ ಅಂಗಡಿಗಳನ್ನು ಕುರಿತು ಬರೆದವರು ತೀರ ವಿರಳ. ವಿಷಯವು ಗೌರವಕ್ಕೆ ಕಡಮೆಯೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಕರ್ಣಾಟಕದಲ್ಲಿ ಸಾರಾಯಿಯ ಮಾರಾಟವು 2007ನೆಯ ಇಸವಿಯ ಜುಲೈ 1ರಿಂದ ಪೂರ್ತಿಯಾಗಿ ನಿಷಿದ್ಧವಾಯಿತು. ಈ ಸೀಮೆಯ ಈಚಲ ಹೆಂಡದ ಮಾರಾಟವು ಅದಕ್ಕೆ ಕೆಲವು ವರ್ಷಗಳ ಮೊದಲೇ ನಿಂತಿತ್ತು. ಹೀಗೆ ಆ ಅಂಗಡಿಗಳು ಈಗ ಕೇವಲ ಚರಿತ್ರೆಯ ವಿಷಯವಾಗಿರುವುದರಿಂದ ಅವುಗಳ ಸ್ಮರಣೆಗೆ ನಮಗೆ ಉಳಿದಿರುವ ಪ್ರಮಾಣಗಳು ಯಾವುವು, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು. ಸಾಹಿತ್ಯವನ್ನು ಪಾಠ ಹೇಳುವವರಿಗೆ ಈ ವಿಚಾರವು ವಿಶೇಷವಾಗಿ ಸಂಬಂಧಿಸಿದೆಯೆಂಬುದು ಮುಂದೆ ತಿಳಿದುಬರುವುದು.

ಮೊದಲು ಹೆಸರುಗಳ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ಇಂತಹ ಅಂಗಡಿಗೆ ಪಡಖಾನೆಯೆಂದೂ, ಕರಾವಳಿಯಲ್ಲಿ ಗಡಂಗೆಂದೂ ವ್ಯವಹಾರವಿದ್ದಿತು. ಬೆಂಗಳೂರಿನ ಸುತ್ತಲಿನವರು ಹೆಂಡವೆಂದರೆ ಉತ್ತರದವರು ಸೇಂದಿಯೆಂದರು. ಹಳಗನ್ನಡದವರು ಕಳ್ ಎಂದರು. ಇವೆಲ್ಲವೂ ಮರದಿಂದ ಇಳಿಸಿದ ರಸಕ್ಕೆ ಸಲ್ಲುವ ಮಾತುಗಳು. ಸಾರಾಯಿಯಾದರೋ ಭಟ್ಟಿಯಿಳಿಸಿದ ಮದ್ಯ. ಈ ಎರಡಕ್ಕೂ ಇರುವ ಭೇದವನ್ನು ಅರಿಯದೆ ಅಂಗಡಿಯ ಚರಿತ್ರೆಯನ್ನು ಅರಿಯಲಾಗದು. ಆದಕಾರಣ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ.

ಈಚಲು ಮರದ ಕೊರಳನ್ನು ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ತೊಟ್ಟಿಕ್ಕುವ ರಸವು ಬೆಳಗಿನ ಜಾವದಲ್ಲಿ ಸಿಹಿಯಾಗಿರುತ್ತದೆ. ಬಿಸಿಲೇರಿದಂತೆ ಅದು ತಾನಾಗಿಯೇ ಹುಳಿಯುತ್ತದೆ. ಸಂಜೆಗೆ ಮತ್ತನ್ನು ಕೊಡುವ ಹೆಂಡವು ಮಾರನೆಯ ದಿನಕ್ಕೆ ಬಾಯಿಗಿಡಲಾರದಷ್ಟು ಹುಳಿಯಾಗುವುದು. ಇದನ್ನು ಕೂಡಿಡಲು ಬಾರದು; ದೂರಕ್ಕೆ ಸಾಗಿಸುವುದೂ ಕಷ್ಟ. ಆದ್ದರಿಂದ ತೋಪಿಗೆ ಸಮೀಪದಲ್ಲಿ ಅಂಗಡಿಯಿರಬೇಕು, ಅಂಗಡಿಗೆ ಸಮೀಪದಲ್ಲಿ ಕುಡಿಯುವವರಿರಬೇಕು, ಇಳಿಸಿದ ದಿನವೇ ಮಡಕೆ ಬರಿದಾಗಬೇಕು. ನೂರು ಪಾಲು ಹೆಂಡದಲ್ಲಿ ಮದ್ಯಸಾರವು ಸುಮಾರು 4-5 ಪಾಲು ಮಾತ್ರವೇ ಆಗಿರುವುದರಿಂದ ಮತ್ತೇರಬೇಕಾದರೆ ಬುಂಡೆಗಟ್ಟಲೆ ಕುಡಿಯಬೇಕು. ಹಾಗೆ ಕುಡಿಯಲು ಹೊತ್ತು ಬೇಕು. ಹೊತ್ತು ಕಳೆಯಲು ಮಾತು ಬೇಕು. ಹೆಂಡದಂಗಡಿಯು ಒಂದು ಕೂಟದ ಸ್ಥಳವಾದುದಕ್ಕೆ ಜನರ ಸ್ವಭಾವವು ಎಷ್ಟು ಕಾರಣವೋ ಈ ಪಾನೀಯದ ಸ್ವಭಾವವೂ ಅಷ್ಟೇ ಕಾರಣವೆಂದು ನನ್ನ ಅಭಿಪ್ರಾಯ. ಸಾರಾಯಿಯ ಗತಿ ಬೇರೆ. ಅದರ ಉಗ್ರತೆ ಹೆಂಡಕ್ಕಿಂತ ಹಲವು ಮಡಿ ಹೆಚ್ಚು, ಅದು ಕೆಡುವುದಿಲ್ಲ, ಎಲ್ಲೋ ಕಾಯಿಸಿ ಎಲ್ಲಿಯೋ ಮಾರಬಹುದು, ನಿಂತಲ್ಲಿಯೇ ಕುಡಿದು ನಡೆಯಬಹುದು.

ಇನ್ನು ಸರಕಾರದ ದಾಖಲೆಗಳು. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥದಲ್ಲಿ ಈಚಲು ಮರದ ಮಾತೂ ಹೆಂಡ ಇಳಿಸುವವರ ಮಾತೂ ಬರುತ್ತವೆ. ಅದಕ್ಕೆ ಮುಂಚೆ ಟೀಪೂ ಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂದೂ ಬೊಕ್ಕಸಕ್ಕಾಗುವ ನಷ್ಟವನ್ನು ಲೆಕ್ಕಿಸಬಾರದೆಂದೂ 1787ರಲ್ಲಿ ಮೀರ್ ಸಾದಕನಿಗೆ ಬರೆದಿದ್ದನೆಂಬುದು ಪ್ರಸಿದ್ಧವಾಗಿದೆ. ಅನಂತರದ ಆಡಳಿತಗಳಿಗೆ ಆ ನಷ್ಟವನ್ನು ಲೆಕ್ಕಿಸದಿರುವುದು ಸುಲಭವಾಗಲಿಲ್ಲ. ಅಬಕಾರಿಯು ಮೈಸೂರು ಸಂಸ್ಥಾನದ ಮುಖ್ಯ ಆದಾಯಗಳಲ್ಲಿ ಒಂದಾಗಿ ಬೆಳೆಯಿತು. ಅಂಗಡಿಗಳನ್ನು ಹರಾಜು ಹಾಕುವುದು, ಹೆಚ್ಚು ಕೂಗಿದವನಿಗೆ ಗುತ್ತಿಗೆ ಕೊಡುವುದು, ಮರಗಳಿಗೆ ತೆರಿಗೆ ಕಟ್ಟುವುದು ಇವೇ ಮೊದಲಾದ ಕ್ರಮಗಳಿಂದ ಪಡಖಾನೆಯು ಸರಕಾರದ ಕಡತದೊಳಕ್ಕೆ ಬಂದಿತು. ಬಂದುದು ಒಂದು ಅಂಕಿಯಾಗಿ. ರೈಸ್ ಸಾಹೇಬರ ಗ್ಯಾಸೆಟಿಯರಿನಲ್ಲಾಗಲಿ ಹಯವದನ ರಾಯರ ಗ್ಯಾಸೆಟಿಯರಿನಲ್ಲಾಗಲಿ ಅಬಕಾರಿಯ ಉತ್ಪತ್ತಿ ಸಿಕ್ಕುವುದು. ಅಂಗಡಿಯ ಒಳಗಿನ ಬೆಂಚು ಸಿಕ್ಕುವುದಿಲ್ಲ.

ಬೆಂಗಳೂರಿನ ವಿಷಯದಲ್ಲಿ ಮತ್ತೊಂದು ತೊಡಕುಂಟು. 1881ರಲ್ಲಿ ಸಂಸ್ಥಾನವು ಅರಸರಿಗೆ ಹಿಂದಿರುಗಿದಾಗ ದಂಡಿನ ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿಯೇ ಉಳಿದು 1947ರಲ್ಲಿ ಮಾತ್ರ ಮೈಸೂರಿಗೆ ಸೇರಿತು. ಒಂದೇ ಊರಿನಲ್ಲಿ ಎರಡು ಆಡಳಿತ, ಎರಡು ಬಗೆಯ ಕುಡಿತ. ದಂಡಿನ ದೊರೆಗಳ ಕುಡಿತಕ್ಕೆ ಕ್ಲಬ್ಬುಗಳಿದ್ದವು, ಕ್ಲಬ್ಬುಗಳಿಗೆ ಲೆಕ್ಕದ ಪುಸ್ತಕಗಳಿದ್ದವು. 1896ರಲ್ಲಿ ಇಲ್ಲಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ಲನು ಕ್ಲಬ್ಬಿಗೆ ಉಳಿಸಿಹೋದ 13 ರೂಪಾಯಿಗಳ ಬಾಕಿಯು 1899ರ ಪುಸ್ತಕದಲ್ಲಿ ವಸೂಲಾಗದ ಸಾಲವೆಂದು ದಾಖಲಾಗಿ ಇಂದಿಗೂ ಪ್ರೇಕ್ಷಣೀಯವಾಗಿದೆ. 1884ರಲ್ಲಿ ಪ್ರಾರಂಭವಾಗಿ ಆಮೇಲೆ ಬಿನ್ನಿ ಗಿರಣಿಯೆಂದು ಹೆಸರಾದ ಬಟ್ಟೆಯ ಗಿರಣಿಯ ಕೂಲಿಕಾರನು ಸಂಬಳದ ದಿನದವರೆಗೆಂದು ಪಡಖಾನೆಯಲ್ಲಿ ಉಳಿಸಿದ ಬಾಕಿಯನ್ನು ಯಾರು ಕಾಪಾಡಿಟ್ಟಾರು? ದಂಡಿನ ಹಳೆಯ ಬಾರುಗಳ ಮೇಲೆ ಈಚೆಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ಮಮತೆಯ ಲೇಖನಗಳನ್ನು ಓದುವಾಗಲೆಲ್ಲ, ಸ್ಮರಣೆಯೂ ಒಂದು ಬಗೆಯ ಆಸ್ತಿಯಲ್ಲವೇ, ಅದೂ ಉಳ್ಳವರಿಗೇ ದೊರೆಯುವುದಲ್ಲವೇ ಎಂದು ನನಗೆ ಅನಿಸಿದೆ.

ಹೀಗಿರುವಲ್ಲಿ ಸಾಹಿತ್ಯವನ್ನು ಪ್ರಮಾಣವಾಗಿ ಕರೆಯಬೇಕಾಗುವುದು. ಮಧುಪಾನ ವರ್ಣನೆಯು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಒಂದು. ಪಂಪನೇ ಮೊದಲಾದವರಲ್ಲಿ ಪಾನಗೋಷ್ಠಿಯ ವರ್ಣನೆಗಳುಂಟು. ಆದರೆ ಅವು ಲಕ್ಷಣವನ್ನು ಅನುಸರಿಸಿ ಬಂದವು. ಅಲ್ಲಿ ಮದ್ಯಕ್ಕೆ ಪರಿಮಳವಿದೆ, ಬೆಲೆಯಿಲ್ಲ. ಅಂಗಡಿಯೊಡನೆ ನೇರವಾದ ಸಂಬಂಧವಿದ್ದ ದನಿಯೊಂದು ನಮಗೆ ಕೇಳಬರುವುದು 12ನೆಯ ಶತಮಾನದ ಹೆಂಡದ ಮಾರಯ್ಯನಲ್ಲಿ. ಹೆಂಡ ಮಾರುವುದನ್ನೇ ಕಾಯಕವಾಗುಳ್ಳ ಈ ಶರಣನು ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ರಚಿಸಿದ ಕೆಲವೇ ವಚನಗಳು ಉಳಿದಿವೆ. ತನ್ನ ಕಸಬಿನ ಸಾಮಗ್ರಿಯನ್ನೇ ಆತನು ತತ್ತ್ವಕ್ಕೆ ಸಂಕೇತವಾಗಿ ಬಳಸಿರುವುದು ಅಲ್ಲಿ ಕಾಣುವುದು. ಸಂಕೇತವಾಗಿ ಬಂದುದರಿಂದಲೇ ಚರಿತ್ರಕಾರನಿಗೆ ಅದರಿಂದ ದೊರೆಯುವುದು ಅಲ್ಪ. ಆದರೂ ಮಾರುವವನು ತಾನೇ ಮಾತನಾಡಿರುವುದು ಸಾಮಾನ್ಯ ಸಂಗತಿಯಲ್ಲ.

ಕುಡಿಯುವವನ ದನಿಗೆ ನಾವು 1930ರ ದಶಕದವರೆಗೆ ಕಾಯಬೇಕಾಯಿತು. ಜಿ. ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನನ್ನು ಈ ಪತ್ರಿಕೆಯ ವಾಚಕರಿಗೆ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಪಾಳಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ಪರಿಶ್ರಮವಿದ್ದ, ಮಕ್ಕಳಿಗಾಗಿ ಪದ್ಯ ಬರೆದ, ಕನ್ನಡ ಅಧ್ಯಾಪಕರಾಗಿದ್ದ ಒಬ್ಬ ವಿದ್ವಾಂಸರು ಹೆಂಡದಂಗಡಿಯ ಬೆಂಚಿನ ಮೇಲಿನ ಮಾತನ್ನು ಅದರ ಉಚ್ಚಾರಣೆ ಸಹಿತವಾಗಿ ಅಚ್ಚಿಗೆ ತಂದರು. ಹೆಂಡದ ಮೇಲಿನ ಪ್ರೀತಿ, ಹೆಂಡತಿ ಪುಟ್ನಂಜಿಯ ಮೇಲಿನ ಪ್ರೀತಿ, ಕನ್ನಡದ ಮೇಲಿನ ಪ್ರೀತಿ ಇವು ಒಂದೇ ಬಾಯಲ್ಲಿ ಹೇಗೆ ಕೂಡಿದವೆಂಬುದನ್ನು ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಚರಿತ್ರಕಾರನು ಗಮನಿಸಬೇಕಾದುದು ಬೇರೆ. ರತ್ನನು ಒಬ್ಬನೇ ಕುಳಿತು ಕುಡಿಯುವವನಲ್ಲ. ಆತನ ಪದಗಳು ಯಾರಿಗೋ ಹೇಳಿದವು, ಕೇಳುವವರು ಎದುರಿಗಿರುವರೆಂದು ನಂಬಿ ಹೇಳಿದವು. ಕೇಳುವ ಮಂದಿಯೇ ಇಲ್ಲದಿದ್ದರೆ ಆ ಪದಗಳ ಧಾಟಿಯೇ ಬದಲಾಗುತ್ತಿದ್ದಿತು. ಹೆಂಡದಂಗಡಿಯು ಕೂಟದ ಸ್ಥಳವಾಗಿದ್ದಿತೆಂಬ ಮೇಲಿನ ಊಹೆಗೆ ಇದಕ್ಕಿಂತ ಒಳ್ಳೆಯ ಸಾಧಕವು ನನಗೆ ದೊರೆತಿಲ್ಲ. (ಅದೇ ಕಾಲದಲ್ಲಿ ಕನ್ನಡದ ಸಣ್ಣಕಥೆಯ ಹಿರಿಯರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸಂಸ್ಥಾನದ ಸೇವೆಯಲ್ಲಿದ್ದು ಅಬಕಾರಿ ಕಮಿಷನರರ ಪದವಿಯವರೆಗೆ ಏರಿದರೆಂಬುದನ್ನು ನೆನೆದರೆ, ಆ ಅಂಗಡಿಯ ಹಣವೂ ಹಾಡೂ ಕನ್ನಡ ಸಾಹಿತಿಗಳ ಕೈಯಿಂದಲೇ ಹಾದುಹೋದಂತಾಯಿತು!)

ಆದರೆ ಈ ಪ್ರಮಾಣಕ್ಕೊಂದು ಮಿತಿಯುಂಟು. ಪುಟ್ನಂಜಿಯನ್ನು ನಾವು ನೋಡುವುದು ರತ್ನನ ಕಣ್ಣಿನಿಂದ. ಅಂಗಡಿಯಲ್ಲಿ ಖರ್ಚಾದ ಕಾಸು ಮನೆಯಲ್ಲಿ ಏನಾಗಬೇಕಾಗಿದ್ದಿತೆಂಬುದನ್ನು ಆಕೆಯ ಬಾಯಿಂದ ಕೇಳಿದ ಗ್ರಂಥವು ಆ ಕಾಲದಲ್ಲಿ ಇಲ್ಲ. ಅವಳ ಸಾಕ್ಷ್ಯವು ಬೀದಿಯಲ್ಲಿ ದೊರೆಯುತ್ತದೆ. 1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದಾಗ ಹೆಂಗಸರೂ ಕೊಡಲಿ ಹಿಡಿದಿದ್ದರು. ಶತಮಾನದ ಕೊನೆಯ ದಶಕಗಳಲ್ಲಿ ಸಾರಾಯಿ ಬೇಡವೆಂದು ಊರೂರುಗಳಲ್ಲಿ ನಿಂತವರೂ ಮುಖ್ಯವಾಗಿ ಹೆಂಗಸರೇ. ತುರುವನೂರಿನ ಸತ್ಯಾಗ್ರಹದ ಮುಂದಾಳುಗಳಲ್ಲಿದ್ದು ಸೆರೆಮನೆಯನ್ನು ಕಂಡ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗಲೇ, ಎಂದರೆ 1967ರಲ್ಲಿ, ರಾಜ್ಯದ ಪಾನನಿಷೇಧವು ರದ್ದಾಯಿತೆಂಬುದು ಬೊಕ್ಕಸದ ಬಲವನ್ನು ತೋರಿಸುವ ಸಂಗತಿ. 1981ರ ಜುಲೈ ತಿಂಗಳಿನಲ್ಲಿ ಕಳ್ಳಭಟ್ಟಿಯ ವಿಷಮದ್ಯವನ್ನು ಕುಡಿದು ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ ಬಡವರು ಸತ್ತರು. ಹೋದ ಪಡಖಾನೆಗಾಗಿ ಮರುಗುವ ಲೇಖಕನು ಈ ಸಾವುಗಳನ್ನು ಬಿಟ್ಟು ಬರೆಯಲಾಗದು. ನಾನು ಮರುಗುತ್ತಿಲ್ಲ, ಆದರೆ ಮರುಗಲಾಗದ ವಸ್ತುವನ್ನು ಮರೆಯಬೇಕೆಂಬ ನಿಯಮವೂ ಇಲ್ಲ.

ಈ ಅಂಗಡಿಗಳು ಯಾವಾಗ ಅಳಿದವು? 2007ರ ಕಾನೂನಿನಿಂದ ಎಂಬುದು ಸಾಮಾನ್ಯವಾದ ಉತ್ತರ. ಈ ಉತ್ತರವು ಅಂಗಡಿಯ ಪರವಾನಗಿಗೆ ಸಲ್ಲುವುದೇ ಹೊರತು ಅಂಗಡಿಯ ಕೂಟಕ್ಕೆ ಸಲ್ಲುವುದಿಲ್ಲ. ಊರು ಬೆಳೆದಂತೆ ತೋಪುಗಳು ಬಡಾವಣೆಗಳಾದವು. ತೋಪು ದೂರವಾದೊಡನೆ ಹೆಂಡವು ತನ್ನ ಸಹಜವಾದ ಆಯುಷ್ಯದೊಳಗೆ ಕೇರಿಯನ್ನು ಮುಟ್ಟದಾಯಿತು. ಮರಗಳು ಕಡಮೆಯಾಗಿ ಕುಡಿಯುವವರು ಹೆಚ್ಚಿದಾಗ ಕೊರತೆಯನ್ನು ನೀರಿನಿಂದಲೂ, ನೀರಿನ ಸಪ್ಪೆಯನ್ನು ಕ್ಲೋರಲ್ ಹೈಡ್ರೇಟ್ ಮೊದಲಾದ ಮತ್ತಿನ ಪದಾರ್ಥಗಳಿಂದಲೂ ತುಂಬುವ ವಂಚನೆ ಬೆಳೆಯಿತು. ಹೆಂಡದ ಸ್ಥಳವನ್ನು ಸಾರಾಯಿ ಆಕ್ರಮಿಸಿತು. ಸಾರಾಯಿಯು ಮೊದಮೊದಲು ಅಂಗಡಿಯ ಮುಂದೆ ಲೋಟದಲ್ಲಿ ದೊರೆಯುತ್ತಿದ್ದುದು ಕೊನೆಯ ವರ್ಷಗಳಲ್ಲಿ ಪ್ಲಾಸ್ಟಿಕ್ ಪೊಟ್ಟಣಕ್ಕೆ ಇಳಿಯಿತು. ಪೊಟ್ಟಣವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಬಹುದು. ಹಲ್ಲಿನಿಂದ ಹರಿದು ಗೋಡೆಯ ಮರೆಯಲ್ಲಿ ಒಂದೇ ಗುಟುಕಿಗೆ ಮುಗಿಸಬಹುದು. ಬುಂಡೆ ಬೇಡ, ಬೆಂಚು ಬೇಡ, ಹುರಿಗಾಳು ಬೋಟಿಗಳ ಚಾಕಣವೂ ಬೇಡ, ಪಕ್ಕದವನೂ ಬೇಡ. ರತ್ನನು ಈ ಕಾಲಕ್ಕೆ ಬಂದಿದ್ದರೆ ಯಾರಿಗೆ ಪದ ಹೇಳುತ್ತಿದ್ದನೋ ತಿಳಿಯದು. ನಿಷೇಧದ ಆಜ್ಞೆ ಬಂದಾಗ ಮುಚ್ಚಿದುದು ಬಹುಮಟ್ಟಿಗೆ ಮಾರಾಟದ ಕಿಂಡಿಗಳು; ಕೂಟವು ಅದಕ್ಕೆ ಮೊದಲೇ ಚದುರಿತ್ತು. 1980ರ ದಶಕದಿಂದೀಚೆಗೆ ಈ ನಗರದಲ್ಲಿ ಹರಡಿದ ಪಬ್ಬುಗಳಲ್ಲಿ ಕೂಟವುಂಟು, ಹಾಡುಂಟು. ಅವುಗಳೊಳಕ್ಕೆ ಹೋಗಲು ಗಿರಣಿಯ ಕೂಲಿಕಾರನ ಮಕ್ಕಳಿಗೆ ಜೇಬು ಸಾಲದು.

ರತ್ನನ ಪದಗಳು ಅಂಗಡಿಯನ್ನು ಬಿಟ್ಟು ಬಹುಕಾಲವಾಯಿತು. ಮೈಸೂರು ಅನಂತಸ್ವಾಮಿಯವರು ರಾಗ ಕಟ್ಟಿದ ಮೇಲೆ ಅವು ಸುಗಮ ಸಂಗೀತದ ವೇದಿಕೆಗಳಲ್ಲಿ, ಶಾಲೆಯ ಸಮಾರಂಭಗಳಲ್ಲಿ, ಹೆಂಡದ ವಾಸನೆಯನ್ನೇ ಕಾಣದವರ ಬಾಯಲ್ಲಿ ಕೇಳಿಬರುತ್ತಿವೆ. ಅಧ್ಯಾಪಕರು ಈ ಪದಗಳನ್ನು ಪಾಠ ಹೇಳುವಾಗ ಬುಂಡೆಯೆಂದರೇನು, ಪಡಖಾನೆಯೆಂದರೇನು, ಈಚಲ ಹೆಂಡವು ಸಂಜೆಯೊಳಗೆ ಏಕೆ ಮುಗಿಯಬೇಕಾಗಿದ್ದಿತು ಎಂಬುದನ್ನು ಒಂದೆರಡು ಮಾತಿನಲ್ಲಿಯಾದರೂ ತಿಳಿಸಬೇಕಾದ ಕಾಲ ಬಂದಿದೆ. ಗಿರಣಿಯ ಕೇರಿಗಳಲ್ಲಿ ಬಾಳಿದ ವೃದ್ಧರೂ ವೃದ್ಧೆಯರೂ ಇನ್ನೂ ಕೆಲವರಿದ್ದಾರೆ; ಅವರಲ್ಲಿ ಹೆಂಗಸರನ್ನು ಮೊದಲು ಕೇಳಿ ಬರೆದುಕೊಳ್ಳುವುದು ಉಚಿತವೆಂದು ತೋರುತ್ತದೆ.

ಸ್ಥಳಶೋಧನೆ ಮಾಡುವವರಿಗೆ ಒಂದು ಸೂಚನೆಯನ್ನು ಕೊಡಬಹುದು. ಅಂಗಡಿಗಳ ಗುರುತು ನೆಲದ ಮೇಲೆ ಉಳಿದಿಲ್ಲವಾದರೂ ಅವುಗಳಿಗೆ ಹೆಂಡ ಒದಗಿಸಿದ ತೋಪುಗಳ ಗುರುತು ಕಂದಾಯದ ಕಾಗದಗಳಲ್ಲಿ ಉಳಿದಿದೆ. ಬೆಂಗಳೂರಿನ ಸುತ್ತಲಿನ ಗ್ರಾಮಗಳ ಹಳೆಯ ಪಹಣಿಗಳಲ್ಲಿ ಕೆಲವು ಸರ್ವೆ ನಂಬರುಗಳ ಮುಂದೆ ಸೇಂದಿವನ, ಈಚಲುವನ ಎಂಬ ಮಾತುಗಳು ಖರಾಬು ಜಮೀನಿನ ವಿವರದಲ್ಲಿ ಕಾಣಸಿಕ್ಕುತ್ತವೆ. ಇವುಗಳನ್ನು ಗ್ರಾಮವಾರಾಗಿ ಆರಿಸಿ ನಕ್ಷೆಯ ಮೇಲೆ ಗುರುತಿಸಿದಲ್ಲಿ ಯಾವ ಕೇರಿಯ ಸಂಜೆಗೆ ಯಾವ ವನದ ಮಡಕೆ ಬರುತ್ತಿದ್ದಿರಬಹುದೆಂಬುದನ್ನು ಊಹಿಸಲು ದಾರಿಯಾಗುವುದು.