ಹಳೆಯ ಸ್ಪೋರ್ಟ್ಸ್ ಕಾರುಗಳ ಹಗುರ ಲೋಹದ ಭಾಗಗಳು

ಹಗುರ ಲೋಹದ ಭಾಗಗಳೆಂದರೆ ಸ್ಪೋರ್ಟ್ಸ್ ಕಾರುಗಳ ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗಳಲ್ಲಿ ಬೀಡು ಕಬ್ಬಿಣ ಹಾಗೂ ಉಕ್ಕಿನ ಬದಲು ಅಲ್ಯೂಮಿನಿಯಂ, ಮೆಗ್ನೀಸಿಯಂ, ಟೈಟಾನಿಯಂ ಮಿಶ್ರಲೋಹಗಳಿಂದ ತಯಾರಿಸಿದ ಭಾಗಗಳು. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಟೈಟಾನಿಯಂ 4.5, ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.74 ಗ್ರಾಂ. ಆದರೆ ಇವು ಉಕ್ಕಿಗಿಂತ ಸುಲಭವಾಗಿ ಬಾಗುವುದರಿಂದ ಭಾಗವನ್ನು ದಪ್ಪಗೆ ಮಾಡಬೇಕಾಗುತ್ತದೆ. ಲೆಕ್ಕಕ್ಕೆ ಕಾಣುವಷ್ಟು ತೂಕ ನಿಜದಲ್ಲಿ ಉಳಿತಾಯವಾಗುವುದಿಲ್ಲ.

ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್ ಕವಚಗಳು ಹಗುರಾದರೆ ಕಾರಿನ ಒಟ್ಟು ತೂಕವಷ್ಟೇ ಇಳಿಯುತ್ತದೆ. ಚಲಿಸುವ ಭಾಗಗಳಲ್ಲಿ ಲಾಭ ಇನ್ನೂ ಹೆಚ್ಚು. ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಬಾರಿ ನಿಂತು ದಿಕ್ಕು ಬದಲಿಸುತ್ತದೆ. ಎಂಜಿನ್ನಿನ ವೇಗ ಎರಡರಷ್ಟಾದರೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಡತ್ವದ ಬಲ ನಾಲ್ಕರಷ್ಟಾಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಬಹು ಹಿಂದೆಯೇ ಬಳಕೆಗೆ ಬಂದದ್ದು ಇದರಿಂದಲೇ. 1990ರ ಹೋಂಡಾ ಎನ್‌ಎಸ್‌ಎಕ್ಸ್ ಕಾರಿನಲ್ಲಿ ಕನೆಕ್ಟಿಂಗ್ ರಾಡುಗಳನ್ನೂ ಟೈಟಾನಿಯಂನಿಂದ ಮಾಡಲಾಯಿತು.

ಅಲ್ಯೂಮಿನಿಯಂ ಫ್ಲೈವ್ಹೀಲ್ ಇದ್ದರೆ ಎಂಜಿನ್ ಬೇಗ ವೇಗ ಏರಿಸಿಕೊಂಡು ಬೇಗ ಇಳಿಸುತ್ತದೆ. ಇದರ ಪರಿಣಾಮ ಕೆಳಗಿನ ಗೇರುಗಳಲ್ಲಿ ಹೆಚ್ಚು. ಆದರೆ ಐಡ್ಲಿಂಗ್ ಒರಟಾಗುತ್ತದೆ, ಕಾರು ಹೊರಡುವಾಗ ಎಂಜಿನ್ ನಿಂತುಬಿಡುವ ಸಂಭವವೂ ಇದೆ. ಕ್ಲಚ್ ಪ್ಲೇಟ್ ಉಜ್ಜುವ ಮುಖಕ್ಕೆ ಉಕ್ಕಿನ ತಟ್ಟೆ, ಅಂಚಿಗೆ ಉಕ್ಕಿನ ಹಲ್ಲಿನ ಬಳೆ ಕೂರಿಸುವುದು ಅನಿವಾರ್ಯ.

1948ರ ಜಾಗ್ವಾರ್ ಎಕ್ಸ್‌ಕೆ 120 ಕಾರಿನ ಎಂಜಿನ್ನಿಗೆ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇತ್ತು. 1954ರ ಆಲ್ಫಾ ರೋಮಿಯೊ ಜೂಲಿಯೆಟಾದಲ್ಲಿ ಬ್ಲಾಕ್ ಕೂಡ ಅಲ್ಯೂಮಿನಿಯಂ ಆಗಿ, ಒಳಗೆ ಕಬ್ಬಿಣದ ಲೈನರುಗಳು ಬಂದವು. ಪೋರ್ಷೆ 911ರ ಕ್ರ್ಯಾಂಕ್‌ಕೇಸ್ 1968ರ ಹೊತ್ತಿಗೆ ಮೆಗ್ನೀಸಿಯಂಗೆ ಬದಲಾಯಿತು. ಮುಂದೆ 2.7 ಲೀಟರ್ ಎಂಜಿನ್ನಿನಲ್ಲಿ ಹೆಡ್ ಸ್ಟಡ್‌ಗಳು ಮೆಗ್ನೀಸಿಯಂನ ತಿರುಪಿನ ಎಳೆಗಳನ್ನೇ ಕಿತ್ತುಕೊಂಡು ಬರತೊಡಗಿದವು. 1978ರ 911 ಎಸ್‌ಸಿ ಮಾದರಿಯಲ್ಲಿ ಕಂಪನಿ ಅಲ್ಯೂಮಿನಿಯಂಗೆ ಮರಳಿತು.

ಭಾರತದಲ್ಲಿ ಮದ್ರಾಸಿನ ಬಳಿಯ ಶೋಳವರಂ ರೇಸುಗಳಲ್ಲಿ ಓಡಿದ ಫಿಯೆಟ್ ಕಾರುಗಳೂ ಜಾಗ್ವಾರಿನ ರೀತಿಯವೇ: ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಕಾರುಗಳಲ್ಲಷ್ಟೇ ಅಲ್ಲ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಮೋಟಾರ್‌ಸೈಕಲ್ಲುಗಳ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂನದು.

ಈ ಲೋಹಗಳ ಭಾಗಗಳಿಗೆ ಆರೈಕೆಯೂ ಬೇಕು. ನೂರು ಡಿಗ್ರಿ ಬಿಸಿಯೇರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 2.3 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ ಅದರ ಅರ್ಧದಷ್ಟು. ಹೀಗಾಗಿ ನೀರು ಬತ್ತಿ ಎಂಜಿನ್ ಕಾದರೆ ಹೆಡ್ ಸೊಟ್ಟಗಾಗುತ್ತದೆ. ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ ಸಮಮಾಡಬೇಕು. ಬರಿ ನೀರಿನ ಬದಲು ತುಕ್ಕುನಿರೋಧಕ ಕೂಲಂಟ್ ಹಾಕಬೇಕು, ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ನಿಗದಿತ ಅಳತೆಗೇ ಬಿಗಿಯಬೇಕು. ಉಕ್ಕಿನ ಬೋಲ್ಟ್ ಮೆಗ್ನೀಸಿಯಂಗೆ ತಾಗುವಲ್ಲಿ ತೇವ ಸೇರಿದರೆ ಮೆಗ್ನೀಸಿಯಂ ಬೇಗ ಸವೆಯುತ್ತದೆ. ಅದನ್ನು ಕೊರೆಯುವಾಗ ಉದುರುವ ಚೂರುಗಳು ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಆ ಬೆಂಕಿಗೆ ನೀರು ಹಾಕಬಾರದು, ಲೋಹದ ಬೆಂಕಿಗೆಂದೇ ತಯಾರಿಸಿದ ಒಣ ಪುಡಿಯಿಂದ ನಂದಿಸಬೇಕು.