ಪಾಮ್ ದ್ವೀಪದ ನೀರು

ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಹೊಡೆಯುವ ಮೈಲುತುತ್ತವನ್ನು ಮಲೆನಾಡಿನಿಂದ ಬಂದ ನಮ್ಮ ಸದಸ್ಯರಿಗೆ ಪರಿಚಯಿಸಬೇಕಾಗಿಲ್ಲ. ಕುಡಿಯುವ ನೀರಿನ ಜಲಾಶಯಗಳ ಪಾಚಿಗೂ ಅದೇ ಮದ್ದೆಂದು 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ತೋರಿಸಿಕೊಟ್ಟರು. ಅಗ್ಗದ ಮದ್ದು, ಬಹುಬೇಗ ಬಳಕೆಗೆ ಬಂದಿತು.

ಪಾಚಿಯಲ್ಲಿ ವಿಷವಿರುವುದುಂಟೆಂದು ಅದಕ್ಕೂ ಮೊದಲೇ ತಿಳಿದಿತ್ತು. ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ಮೇಲೆ ಕಟ್ಟಿದ ಹಸಿರು ಕೆನೆಯನ್ನು ಕುಡಿದು ಕುರಿ, ಕುದುರೆಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಲ್ಲಿಯೇ ‘ನೇಚರ್’ ಪತ್ರಿಕೆಗೆ ಬರೆದಿದ್ದರು. ಓದಿದವರು ಅದನ್ನು ದನಕರುಗಳ ಸಂಗತಿಯೆಂದು ಬಿಟ್ಟರೋ ಏನೋ!

1979ರ ನವೆಂಬರ್. ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆಯ ಪಾಮ್ ದ್ವೀಪದಲ್ಲಿ ಬಹುಪಾಲು ಮೂಲನಿವಾಸಿಗಳದೇ ವಾಸ. ಸಾಲೊಮನ್ ಅಣೆಕಟ್ಟಿನ ನೀರು ರುಚಿಗೆಟ್ಟು ನಾರುತ್ತಿದೆಯೆಂದು ಜನ ದೂರಿದರು. ಅಣೆಕಟ್ಟಿಗೆ ಮೈಲುತುತ್ತ ಹಾಕಲಾಯಿತು. ಕೆಲವೇ ದಿನಗಳಲ್ಲಿ ವಾಂತಿ, ಯಕೃತ್ತಿನ ಊತ, ರಕ್ತಭೇದಿ. 148 ಮಂದಿ ಹಾಸಿಗೆ ಹಿಡಿದರು. ಅವರಲ್ಲಿ 138 ಮಕ್ಕಳು! ಬೇರೆ ಕಡೆಯ ನೀರು ಕುಡಿದವರಿಗೆ ಏನೂ ಆಗಲಿಲ್ಲ. ಪುಣ್ಯಕ್ಕೆ ಎಲ್ಲರೂ ಬದುಕಿಕೊಂಡರು.

ವೈದ್ಯರು ಅದನ್ನು ‘ನಿಗೂಢ ರೋಗ’ವೆಂದು ಕರೆದರು. ತಾಮ್ರವೇ ವಿಷವಾಯಿತೆಂದು ವಾದಿಸಿದವರೂ ಇದ್ದರು. ಆದರೆ ಅದೇ ಜಲಾಶಯದ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಇಲಿಗಳಿಗೆ ಕೊಟ್ಟಾಗ ಅವುಗಳ ಯಕೃತ್ತು ಹಾಳಾಯಿತೆಂದು 1985ರಲ್ಲಿ ಪ್ರಕಟವಾಯಿತು. ಆ ವಿಷದ ರಚನೆ ತಿಳಿದುದು 1992ರಲ್ಲಿ, ಹೆಸರು ಸಿಲಿಂಡ್ರೊಸ್ಪರ್ಮಾಪ್ಸಿನ್. ಕುದಿಸಿದರೂ ಅದು ಹೋಗುವುದಿಲ್ಲ.

ಮೈಲುತುತ್ತ ಪಾಚಿಯ ಕೋಶಗಳನ್ನು ಒಡೆದಾಗ, ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗಿಳಿದಿತ್ತು. ಈಗ ಎಚ್ಚರವುಳ್ಳ ನೀರಿನ ಇಲಾಖೆಗಳು ಕೋಶವನ್ನು ಒಡೆಯದೆ ಇಡಿಯಾಗಿ ಸೋಸಿ ತೆಗೆದು, ಉಳಿದ ವಿಷವನ್ನು ಇದ್ದಿಲ ಪುಡಿಯಿಂದ ಹೀರಿಸುತ್ತವೆ.