ಅಬಲೂರಿನ ತಲೆ, ಹಾನಗಲ್ಲಿನ ಗಂಧರ್ವರು, ನಮ್ಮ ಕೇರಿಯ ದೆವ್ವ



ಅಮಾಸಿ ರಾತ್ರಿ. ಕರೆಂಟು ಹೋಗೈತಿ. ಫೋನಿನ್ಯಾಗ ಇನ್ನೂ ಅರ್ಧ ಚಾರ್ಜು ಉಳಿದೈತಿ. ಮನವಿ, ಧರಣಿ, ಖಂಡನೆ ಅಂತ ನನ್ನ ಪೋಸ್ಟು ಓದಿ ಓದಿ ನಿಮಗೂ ಬ್ಯಾಸರ ಬಂದಿರಬೇಕು. ಇವತ್ತು ಅದ್ಯಾವುದೂ ಬ್ಯಾಡ. ಕೊಲೆ, ರುಂಡ, ದೆವ್ವದ ಕಥೆ ಹೇಳ್ತೀನಿ. ಎಲ್ಲಾ ನಮ್ಮ ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಕಡೆಯವೇ. ಉದ್ದ ಐತಿ, ಚಹಾ ಇಟ್ಕೊಂಡು ಕೂತ್ಕೊಳ್ರಿ.

ಮೊದಲು ನಮ್ಮ ಮನೆಯ ದೆವ್ವ. ನಮ್ಮಜ್ಜಿ ಹೇಳ್ತಿದ್ದ ದೆವ್ವ ಬಿಳಿ ಸೀರಿ ಉಡ್ತಿರಲಿಲ್ಲ. ಬಿಳಿ ಸೀರಿ ಕೊಡಿಸೋರಾದರೂ ಯಾರು? ಮಾಸಿದ ಇಳಕಲ್ಲ ಸೀರಿ, ಕೈಯಾಗ ಒಂದು ಕೊಡ. ರಾತ್ರಿ ಬರೋದೂ ಇಲ್ಲ, ಮಟಮಟ ಮಧ್ಯಾಹ್ನ ಗೌಡರ ಬಾವಿ ಕಡೆಯ ಹುಣಸಿ ಮರದ ಕೆಳಗ ನಿಂತು, ಹಾದುಹೋಗೋರನ್ನ ಕೂಗ್ತಿತ್ತಂತೆ: "ಎಪ್ಪಾ, ನೀರು ಹಾಕ್ರೀ..." ನಾನು ಸಣ್ಣವ, ತಲೆಹರಟೆ. ಕೇಳೇಬಿಟ್ಟೆ, "ಅಜ್ಜಿ, ದೆವ್ವ ಆದಮ್ಯಾಲೆ ತಾನ ಸೇದಿಕೊಳ್ಳಾಕ ಏನ್ ಧಾಡಿ?" ಅಜ್ಜಿ ಎಲೆ ಅಡಿಕೆ ಜಗಿಯೋದು ನಿಲ್ಲಿಸಿ ನನ್ನ ಮುಖ ನೋಡಿ ಅಂದಳು, "ಅದು ನಮ್ಮ ಕೇರಿ ದೆವ್ವಲೇ. ಗೌಡರ ಬಾವಿ ಹೆಂಗ ಮುಟ್ಟತೈತಿ?"

ಆಗ ನಕ್ಕಿದ್ದೆ. ಆಮೇಲೆ ಇತಿಹಾಸ ಓದೋಕೆ ಶುರು ಮಾಡಿದಾಗ ಈ ದೆವ್ವ ಬೆನ್ನು ಬಿಡಲಿಲ್ಲ. ಯಾವ ಸಾವು ಕಲ್ಲಿನ ಮೇಲೆ ಕೂರ್ತದ, ಯಾವ ಸಾವು ಹುಣಸಿ ಮರದ ಕೆಳಗ ನಿಲ್ತದ ಅಂತ ಹುಡುಕ್ತಾ ಹೋದೆ.

ಹಾನಗಲ್ಲಿನಿಂದ ಶುರು ಮಾಡೋಣ. ಹಳೆಯ ಶಾಸನಗಳಲ್ಲಿ ಪಾನುಂಗಲ್ಲು. ವಿರಾಟನಕೋಟೆ, ವಿರಾಟನಗರ ಅನ್ನೋ ಹೆಸರೂ ಐತಿ. ಪಾಂಡವರು ವೇಷ ಮರೆಸಿಕೊಂಡು ಒಂದು ವರ್ಷ ಇದ್ದ ಊರು ಇದೇ ಅಂತ ಜನರ ನಂಬಿಕೆ. ನಂಬಿಕೆಯನ್ನ ಹಂಗೇ ಇಟ್ಕೊಂಡು ಕೇಸ್ ಫೈಲು ಮಾತ್ರ ತೆರೀತೀನಿ. ಆರೋಪಿ ಕೀಚಕ: ರಾಜನ ಹೆಂಡತಿಯ ತಮ್ಮ, ಮೇಲಾಗಿ ಸೇನಾಪತಿ. ದೂರುದಾರಳು ಸೈರಂಧ್ರಿ: ಅರಮನೆ ಕೆಲಸದಾಕಿ. ರಾಣಿಯೇ ಆಕೆಯನ್ನ ಹೆಂಡ ತರುವ ನೆಪ ಹೇಳಿ ಅವನ ಮನೆಗೆ ಕಳಿಸ್ತಾಳೆ. ಅವನು ಮೈಮೇಲೆ ಬೀಳ್ತಾನೆ. ಆಕೆ ಓಡಿ ಓಡಿ ತುಂಬಿದ ರಾಜಸಭೆಗೇ ಬರ್ತಾಳೆ. ಅಲ್ಲೇ, ಎಲ್ಲರ ಕಣ್ಣೆದುರು, ಕೀಚಕ ಆಕೆಯನ್ನ ಒದೀತಾನೆ. ವಿರಾಟರಾಜ ಏನಂದ? ನಮ್ಮ ಕಣ್ಣ ಹಿಂದೆ ನಿಮ್ಮಿಬ್ಬರ ನಡುವೆ ಏನಾಯ್ತೋ ನಮಗೇನು ಗೊತ್ತು, ಅಂದ. 1989ರ ದೌರ್ಜನ್ಯ ತಡೆ ಕಾಯ್ದೆ ಕೆಳಗ ಕಂಪ್ಲೇಂಟು ಕೊಡಾಕ ಹೋದವರಿಗೆಲ್ಲಾ ಈ ಡೈಲಾಗು ಬಾಯಿಪಾಠ. ಇಷ್ಟು ಹಳೇದು ಅಂತ ಗೊತ್ತಿರಲಿಲ್ಲ ಅಷ್ಟೇ.

ಮುಂದಿನದು ನಿಮಗೆ ಗೊತ್ತು. ರಾತ್ರಿ, ನಾಟ್ಯಶಾಲೆ, ಕತ್ತಲು, ಭೀಮ. ಬೆಳಗಾದಾಗ ಕೀಚಕನ ಕೈಕಾಲು ತಲೆ ಎಲ್ಲಾ ಒಡಲೊಳಗೆ ತುರುಕಿಹೋಗಿ ಒಂದು ಮಾಂಸದ ಮುದ್ದೆ. ಪಂಚನಾಮೆಗೆ ಬಂದವರಿಗೆ ತಲೆ ಯಾವುದು, ಕಾಲು ಯಾವುದು ತಿಳಿಯಲಿಲ್ಲ. ಕೊಂದೋರು ಯಾರು? "ನನ್ನ ಗಂಡಂದಿರು, ಗಂಧರ್ವರು" ಅಂತಾಳೆ ಸೈರಂಧ್ರಿ. ಊರು ನಂಬ್ತದೆ. ದೆವ್ವದ ಮೇಲೆ ಹಾಕಿ ಕೈ ತೊಳಕೊಂಡ ಕೊಲೆ ಕೇಸು, ಬಹುಶಃ ನಮ್ಮ ಜಿಲ್ಲೆಯ ಮೊದಲನೇದು.

ಜನ ಇಲ್ಲಿಗೇ ಚಪ್ಪಾಳೆ ಹೊಡೆದು ಮನೆಗೆ ಹೋಗ್ತಾರೆ. ಮುಂದಿನ ಭಾಗ ಯಾರೂ ಹೇಳಲ್ಲ. ಕೀಚಕನ ತಮ್ಮಂದಿರು ಸೈರಂಧ್ರಿಯನ್ನೇ ಹೆಣದ ಜೊತೆ ಕಟ್ಟಿ ಸುಡಾಕ ಹೊತ್ಕೊಂಡು ಹೋಗ್ತಾರೆ, ಅದೂ ರಾಜನ ಪರ್ಮಿಷನ್ ತಗೊಂಡು. ಭೀಮ ಮತ್ತೆ ಬಂದು ಬಿಡಿಸ್ತಾನೆ. ಆಮೇಲೆ ಊರಿನವರೆಲ್ಲಾ ಹೆದರಿ ರಾಜನ ಹತ್ತಿರ ಹೋದಾಗ ರಾಜ ಏನು ಆದೇಶ ಮಾಡ್ತಾನೆ ಗೊತ್ತೇನು? ಸೈರಂಧ್ರಿ ಊರು ಬಿಡಬೇಕು. ದೌರ್ಜನ್ಯ ಆಗಿದ್ದು ಆಕಿ ಮ್ಯಾಲ, ಗಡಿಪಾರು ಆಕಿಗೇ! ಆಕೆ ಇನ್ನು ಹದಿಮೂರು ದಿನ ಇರಾಕ ಬಿಡ್ರಿ ಅಂತ ಬೇಡಿಕೊಳ್ಳಬೇಕಾಯ್ತು. ಹೋಗಲಿ, ಆಕೆ ವೇಷ ಮರೆಸಿದ ರಾಣಿ, ಕತ್ತಲಲ್ಲಿ ಕಾಯೋಕೆ ಭೀಮ ಇದ್ದ. ಅದೇ ಅರಮನೆಯಲ್ಲಿ ವೇಷ ಇಲ್ಲದ, ನಿಜವಾದ ದಾಸಿಯರೂ ಇದ್ದರಲ್ರೀ? ಅವರ ಗಂಧರ್ವರು ಯಾರು?

ಇದು ಕಾವ್ಯ, ಬಿಟ್ಟಾಕ್ರಿ ಅನ್ನೋರಿಗೆ ಈಗ ಕಲ್ಲಿನ ಸಾಕ್ಷಿ.

ಹಿರೇಕೆರೂರು ತಾಲ್ಲೂಕಿನ ಅಬಲೂರು. ಸರ್ವಜ್ಞ ನಮ್ಮವನು ಅಂತ ಮಾಸೂರಿನ ಜೊತೆ ಹಗ್ಗಜಗ್ಗಾಟ ಆಡೋ ಊರು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಹೊತ್ತಿನ ಒಂದು ದೊಡ್ಡ ಶಾಸನ ಐತಿ. ಇಂಗ್ಲಿಷರ ಕಾಲದಲ್ಲಿ ಫ್ಲೀಟ್ ಸಾಹೇಬರು ಅದನ್ನ ಓದಿ ಪ್ರಕಟಿಸಿದರು. ಬೆಚ್ಚಿಬೀಳೋ ಕೇಸು. ಯಾರ ಭಕ್ತಿಗೂ ನಾನು ಕೈ ಹಾಕ್ತಿಲ್ಲ, ಕಲ್ಲು ಹೇಳಿದ್ದನ್ನ ಹೇಳ್ತಿದೀನಿ.

ಆಳಂದದ ಕಡೆಯಿಂದ ಬಂದ ಬ್ರಾಹ್ಮಣ ಹುಟ್ಟಿನ ಶಿವಭಕ್ತ ಏಕಾಂತದ ರಾಮಯ್ಯ. ಎದುರಿಗೆ ಊರಿನ ಜೈನರು, ಅವರ ಮುಂದಾಳು ಸಂಕಗಾವುಂಡ. ಯಾರ ದೇವರು ದೊಡ್ಡವನು ಅಂತ ಜಗಳ. (ಎಂಟುನೂರು ವರ್ಷ ಆದರೂ ವಿಷಯ ಬದಲಾಗಿಲ್ಲ ನೋಡ್ರಿ.) ರಾಮಯ್ಯ ಪಣ ಕಟ್ಟಿದ: ನನ್ನ ತಲೆ ಕೊಯ್ದು ಶಿವನ ಪಾದಕ್ಕೆ ಇಡ್ತೀನಿ, ಅದು ಮತ್ತೆ ಕೂಡಿಕೊಂಡರೆ ನೀವು ಜಿನನನ್ನ ಕಿತ್ತು ಶಿವನನ್ನ ನಿಲ್ಲಿಸಬೇಕು. ಬಾಯಿಮಾತಿನ ಪಣ ಅಲ್ಲ, ಓಲೆಯ ಮೇಲೆ ಬರೆಸಿಕೊಂಡ! ತಲೆ ಕೊಯ್ಕೊಳ್ಳೋ ಮನುಷ್ಯ ಮೊದಲು ಅಗ್ರಿಮೆಂಟು ಮಾಡಿಸ್ತಾನ ನೋಡ್ರಿ, ಇದರಾಗ ನಮ್ಮ ಜನ ಕಲಿಯೋದು ಭಾಳ ಐತಿ. ನಾವು ಗೌಡರ ಬಾಯಿಮಾತು ನಂಬಿ ಹೊಲ ಕಳ್ಕೊಂಡೋರು.

ಕೊಯ್ಕೊಂಡ. ಏಳು ದಿನ ರುಂಡವನ್ನ ಜನರಿಗೆ ತೋರಿಸಿದರಂತೆ. ಏಳು ದಿನ! ನಮ್ಮ ಕಡೆ ಬ್ಯಾಸಿಗಿಯಾಗ ಏಳು ತಾಸು ಇಟ್ಟರೇನೇ ಓಣಿ ಖಾಲಿ ಆಗ್ತದ. ಏಳು ದಿನ ಆದಮೇಲೆ ತಲೆ ಕೂಡಿಕೊಂಡಿತು, ಗಾಯದ ಗುರುತೂ ಉಳಿಯಲಿಲ್ಲ ಅಂತ ಕಲ್ಲು ಹೇಳ್ತದ. ಜೈನರು ಮಾತು ತಪ್ಪಿದರು, ರಾಮಯ್ಯನೇ ನುಗ್ಗಿ ಜಿನನ ಮೂರ್ತಿ ಒಡೆದ. ಗುಡಿಯಲ್ಲಿ ಈ ಸೀನುಗಳನ್ನ ಕೆತ್ತಿ, ಪ್ರತಿಯೊಂದಕ್ಕೂ ಇಲ್ಲಿ ಇದು ನಡೀತು ಅಂತ ಅಡಿಬರಹ ಕೊಟ್ಟಾರ. ಕಾಮಿಕ್ಸ್ ಪುಸ್ತಕ ಇದ್ದಂಗ.

ಕೇಸು ಮೇಲಿನ ಕೋರ್ಟಿಗೆ ಹೋಯ್ತು. ಜೈನರು ಬಿಜ್ಜಳನ ಹತ್ತಿರ ದೂರು ಕೊಟ್ಟರು. ರಾಮಯ್ಯ ಓಲೆ ತೋರಿಸಿದ, ಇನ್ನೊಮ್ಮೆ ಕೊಯ್ಕೊಳ್ತೀನಿ, ಈ ಸಲ ನಿಮ್ಮ ಬಸದಿಗಳನ್ನೆಲ್ಲಾ ಪಣಕ್ಕೆ ಇಡ್ರಿ ಅಂದ. ಜೈನರು ಬ್ಯಾಡಪ್ಪಾ ಅಂದರು. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ, ಗುಡಿಗೆ ದತ್ತಿ ಬಿಟ್ಟ. ಆಮೇಲೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ ಕೊಟ್ಟ, ನಮ್ಮ ಹಾನಗಲ್ಲಿನ ಕದಂಬ ಕಾಮದೇವನೂ ಒಂದು ಊರು ಕೊಟ್ಟ. ಹರಿಹರ ರಗಳೆ ಬರೆದ.

ಈಗ ಗಮನಿಸ್ರಿ. ಇಷ್ಟು ಉದ್ದದ ರುಂಡದ ಕಥೆ ಕೊನೆಗೆ ಹೋಗಿ ನಿಲ್ಲೋದು ಜಮೀನಿನ ಮೇಲೆ. ಯಾವ ಊರು, ಯಾವ ದೇವರಿಗೆ, ಯಾರ ಕೈಯಿಂದ. ಶಾಸನ ಅಂದ್ರ ಕಡೀಕ ಉತಾರ. ಪವಾಡ ಅದರ ಪೀಠಿಕೆ. ತಲೆ ನಿಜವಾಗಿ ಬಿತ್ತೋ, ಕೂಡಿತೋ ನಾ ಕೇಳಂಗಿಲ್ಲ. ಗೆದ್ದವರು ಕಥೆ ಬರೆದರು, ಕಥೆಗೆ ಹೊಲ ಬಂತು, ಹೊಲಕ್ಕ ಕಲ್ಲು ಬಂತು, ಕಲ್ಲಿನಿಂದ ಕಥೆ ಉಳೀತು. ಸಂಕಗಾವುಂಡನ ಕಡೆಯವರು ಆ ರಾತ್ರಿ ಮನೆಯೊಳಗೆ ಏನು ಮಾತಾಡಿಕೊಂಡರೋ, ಆ ಕಲ್ಲಿನಲ್ಲಿ ಒಂದಕ್ಷರ ಇಲ್ಲ.

ಅದೇ ಬಿಜ್ಜಳ. ಹೆಸರು ಮರೀಬ್ಯಾಡ್ರಿ. ಅವನ ಕಲ್ಯಾಣದಲ್ಲೇ ಹರಳಯ್ಯ ಇದ್ದ, ಸಮಗಾರ. ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದ ಅಂತ ಶರಣರ ಪರಂಪರೆ ಹೇಳ್ತದ. ತನ್ನ ಮಗನಿಗೆ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳನ್ನ ತಂದುಕೊಂಡ. ಅಷ್ಟೇ ಅಪರಾಧ. ಇಬ್ಬರು ಬೀಗರಿಗೂ ಎಳೆಹೂಟೆ: ಕಣ್ಣು ಕೀಳಿಸಿ, ಆನೆ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ ಬಿಜ್ಜಳ. ತಲೆ ಕೊಯ್ಕೊಂಡು ಮೂರ್ತಿ ಒಡೆದು ಬಂದವನಿಗೆ ಜಯಪತ್ರ, ಮಕ್ಕಳ ಮದುವೆ ಮಾಡಿದವನಿಗೆ ಆನೆ. ಇಲ್ಲಿ ಏಳು ದಿನ ಆದಮೇಲೂ ಯಾವ ದೇಹವೂ ಕೂಡಿಕೊಳ್ಳಲಿಲ್ಲ. ಯಾವ ಕಾಮದೇವನೂ ಊರು ಬಿಡಲಿಲ್ಲ. ನೂರಾರು ವರ್ಷ ಹರಳಯ್ಯನನ್ನ ಹೊತ್ಕೊಂಡು ಬಂದಿದ್ದು ಜನರ ಬಾಯಿ, ಆಮೇಲೆ ಪುರಾಣದ ಪುಟ. ಬಾಯಿಗೆ ಉತಾರ ಇಲ್ಲ ನೋಡ್ರಿ, ಅದಕ್ಕೇ ಈಗಲೂ ಮದುವೆ ಮಾಡಿಕೊಂಡ ಹುಡುಗ ಹುಡುಗೀರನ್ನ ಊರು ಬಿಡಿಸೋರು "ಪುರಾವೆ ಐತೇನು?" ಅಂತ ಕೇಳ್ತಾರ.

ಶಿಗ್ಗಾಂವಿ ಕಡೆ ಜಾಸ್ತಿ ಹೊತ್ತು ನಿಲ್ಲಂಗಿಲ್ಲ, ಒಂದೇ ಮಾತು. ಬಂಕಾಪುರದಲ್ಲಿ ಗಂಗರ ಅರಸ ಮಾರಸಿಂಹ ಅಜಿತಸೇನ ಮುನಿಗಳ ಎದುರು ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು 974ರ ಸುಮಾರಿಗೆ ಪ್ರಾಣ ಬಿಟ್ಟ. ಅವನ ವ್ರತ ಅವನಿಗೆ ದೊಡ್ಡದು, ಕೈ ಮುಗೀತೀನಿ. ಶ್ರವಣಬೆಳಗೊಳದ ಕಂಬದ ಮೇಲೆ ಅದು ಬರೆದೈತಿ. ಆದರ 1791-92ರಲ್ಲಿ ಇದೇ ಸೀಮೆಯಲ್ಲಿ ವ್ರತ ಹಿಡೀದೇ ಉಪವಾಸ ಸತ್ತ ಜನ ಎಷ್ಟೋ. ಸುಡೋರು, ಹೂಳೋರು ಇಲ್ಲದೇ ದಾರಿ, ಹೊಲ ಎಲ್ಲಾ ಬಿಳೀ ಎಲುಬು. ಅದಕ್ಕೇ ಅದನ್ನ ಡೋಗಿ ಬರ ಅಂದರು, ತಲೆಬುರುಡೆಯ ಬರ. ಅಬಲೂರಿನ ಒಂದು ತಲೆಗೆ ಅಷ್ಟು ದೊಡ್ಡ ಶಾಸನ ಸಿಕ್ಕಿತು. ಈ ಬುರುಡೆಗಳಿಗೆಲ್ಲಾ ಸೇರಿ ಸಿಕ್ಕಿದ್ದು ಒಂದು ಅಡ್ಡಹೆಸರು. ಅದರಲ್ಲಿ ಕೇರಿಯ ಬುರುಡೆ ಯಾವುದು, ಊರಿನ ಬುರುಡೆ ಯಾವುದು? ಎಲುಬಾದಮೇಲೆ ಜಾತಿ ತಿಳಿಯಂಗಿಲ್ಲ, ಅದೊಂದೇ ಸಮಾನತೆ ಅವತ್ತು ಬಂದಿದ್ದು.

ಕಡೇ ಕೇಸು ಸವಣೂರು. ಸವಣೂರಿನ ದೊಡ್ಡಹುಣಸೆ ಮಠದ ಮೂರು ಮರ ನೋಡೀರೇನು? ಹತ್ತು ಮಂದಿ ತಬ್ಬಿಕೊಂಡರೂ ಸಾಲದಂಥ ಬುಡ. ದೆವ್ವಕ್ಕೆ ಹೇಳಿ ಮಾಡಿಸಿದ ಜಾಗ. ತಮಾಷೆ ಏನಂದ್ರ ಅದು ಹುಣಸಿ ಮರನೇ ಅಲ್ಲ, ಆಫ್ರಿಕಾದ ಬಾವೋಬಾಬ್. ಹುಣಸಿ ಅಂತ ಹೆಸರು ಕೇಳಿ ಬಂದು ಸೇರಿಕೊಂಡ ದೆವ್ವಗಳಿಗೆ ಎಂಥಾ ಮೋಸ! 2023ರ ಮಳೆಗಾಲದಲ್ಲಿ ಅದರಲ್ಲೊಂದು ಮರ ಉರುಳಿಬಿತ್ತು. ಅಧಿಕಾರಿಗಳು, ಯಂತ್ರಗಳು ಎಲ್ಲಾ ಬಂದು ಅದನ್ನ ಎತ್ತಿ ಮತ್ತೆ ನೆಟ್ಟರು. ಒಳ್ಳೇ ಕೆಲಸ, ನನಗೂ ಖುಷಿ ಆಯ್ತು.

ಅದೇ ಸವಣೂರಿನಲ್ಲಿ, 2010ರ ಜುಲೈ 20ರಂದು, ಪುರಸಭೆ ಕಚೇರಿ ಎದುರು ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಇದ್ದ ಜಾಗ ಖಾಲಿ ಮಾಡಿಸಿ ಅಲ್ಲಿ ಅಂಗಡಿ ಮಳಿಗೆ ಕಟ್ಟಾಕ ಹೊಂಟಾರ, ನೀರು ಬಂದ್ ಮಾಡ್ಯಾರ, ಅನ್ನೋದು ಅವರ ದೂರು. ಬಸವಲಿಂಗಪ್ಪನವರು ಅರಸು ಸರ್ಕಾರದಲ್ಲಿ ಮಂತ್ರಿ ಆಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರೋದು ಬಂದ್ ಅಂದಿದ್ದರು. 1993ರಲ್ಲಿ ಕೇಂದ್ರದ ಕಾಯ್ದೆನೂ ಬಂತು. ಕಾಗದದ ಮೇಲೆ ಇಲ್ಲವೇ ಇಲ್ಲ ಅಂತ ಬರೆದಿದ್ದ ಜನ ಹಾಡಹಗಲಲ್ಲಿ ಕಚೇರಿ ಬಾಗಿಲಿಗೆ ಬಂದು ನಿಂತರು. ಕಾಗದದಾಗ ಇಲ್ಲದೋರು ಕಣ್ಣಿಗೆ ಬಿದ್ರ ಅದಕ್ಕ ದೆವ್ವ ಅಂತಾರ ಅಲ್ಲೇನು? ಟಿವಿಯವರು ಬೆಚ್ಚಿಬಿದ್ದರು, ಮಂತ್ರಿಗಳು ಬೆಚ್ಚಿಬಿದ್ದರು, ಪ್ರಗತಿಪರರೂ ಬೆಚ್ಚಿಬಿದ್ದರು. ಅವರು ಕೇಳಿದ್ದಾದರೂ ಏನು? ಇರಾಕ ಜಾಗ. ಕುಡಿಯಾಕ ನೀರು.

ನೀರು ಅಂದಕೂಡಲೇ ಅಜ್ಜಿ ದೆವ್ವ ನೆನಪಾಯ್ತು.

ಹೋದ ವರ್ಷ ನಮ್ಮ ಕಾಕಾನ ಹತ್ತಿರ ಕೂತು ಕೇಳಿದೆ, ಆ ಹುಣಸಿ ಮರದ ಕೆಳಗಿನ ಹೆಂಗಸು ಯಾರು ಅಂತ. ಭಾಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಹೆಸರು ಹೇಳಿದರು. ಅವರ ಮನೆಯವರನ್ನ ನಾನಿನ್ನೂ ಕೇಳಿಲ್ಲ, ಅದಕ್ಕೇ ಇಲ್ಲಿ ಬರೆಯಲ್ಲ. ಗೌಡರ ಹೊಲದಾಗ ಕೂಲಿ ಮಾಡ್ತಿದ್ದಾಕಿ. ಒಂದು ಬ್ಯಾಸಿಗಿ ಮಧ್ಯಾಹ್ನ ಆ ಬಾವಿಯೊಳಗೆ ಹೆಣ ಸಿಕ್ಕಿತಂತೆ. ಊರ ಹಿರ್ಯಾರು ಕೂತು, ನೀರು ಸೇದಾಕ ಹೋಗಿ ಕಾಲು ಜಾರಿ ಬಿದ್ದಾಳ, ಅಂತ ತೀರ್ಮಾನ ಮಾಡಿದರು. ಪೊಲೀಸರ ತನಕ ಹೋಗಲೇ ಇಲ್ಲ.

ನಾನು ಕೇಳಿದೆ, "ಕಾಕಾ, ಆ ಬಾವಿ ಮೆಟ್ಟಿಲಿಗೆ ನಮ್ಮೋರನ್ನ ಬಿಡ್ತಿದ್ರೇನು?"

"ಇಲ್ಲಪಾ."

"ಮತ್ತ ನೀರು ಸೇದಾಕ ಹೆಂಗ ಹೋದಳು?"

ಕಾಕಾ ಬೀಡಿ ಹಚ್ಚಿಕೊಂಡರು. "ಅದನ್ನ ನಿಮ್ಮಜ್ಜಿ ಒಬ್ಬಾಕಿನೇ ಕೇಳ್ತಿದ್ಲು ನೋಡು," ಅಂದರು.

ಗೆಳೆಯರೇ, ನಿಮ್ಮ ಕೇರಿಯಲ್ಲೂ ದೆವ್ವ ಇರ್ತಾವ. ಈ ಭಾನುವಾರ ಅಜ್ಜಿ, ಕಾಕಾ, ಅತ್ತಿ ಯಾರಿದ್ದಾರೋ ಅವರ ಹತ್ತಿರ ಕೂತು ಕೇಳ್ರಿ. ದೆವ್ವ ಹೆಂಗ ಕಾಣ್ತದ ಅಂತ ಬ್ಯಾಡ. ಸಾಯೋಕಿಂತ ಮುಂಚೆ ಅದರ ಹೆಸರೇನು, ಯಾರ ಹೊಲಕ್ಕ ಕೂಲಿಗೆ ಹೋಗ್ತಿತ್ತು, ಯಾವ ವರ್ಷ, ಪಂಚಾಯ್ತಿ ಕೂತೋರು ಯಾರು. ಬರ್ಕೊಳ್ರಿ. ಮನೆಯವರು ಒಪ್ಪಿದರೆ ನನಗೆ ಕಳಿಸ್ರಿ, ಒಂದು ನೋಟ್‌ಬುಕ್ ಶುರು ಮಾಡೇನಿ. ಮೊದಲ ಪುಟದಾಗ ಬಾವಿ ಹೆಣ್ಣುಮಗಳಿಗೆ ಜಾಗ ಬಿಟ್ಟೇನಿ. ಮುಂದಿನ ವಾರ ಆಕೆಯ ಮೊಮ್ಮಗನನ್ನ ನೋಡಾಕ ಹೊಂಟೇನಿ.

ಕರೆಂಟು ಬಂತು.